ಎದುರು ಮೇಜಿನ ಪತ್ರಕ್ಕೆ ಒದರಿದ ಮೋಡೆಮ್

ಸಾಂಬ್ರಾಣಿ ಊರಿನ ಅಡಿವೆಯ್ಯ ದಾಂಡೇಲಿಯ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದವನು. ೨೦೦೧ರಲ್ಲಿ ಆಫೀಸಿಗೆ ಐದು ಕಂಪ್ಯೂಟರು ಬಂದಾಗ, ಕೀಲಿಮಣೆ ನೋಡದೆ ಒತ್ತುವವನು ಇವನೊಬ್ಬನೇ ಎಂದು ಅವುಗಳ ಉಸ್ತುವಾರಿ ಇವನ ಕೊರಳಿಗೆ ಬಿತ್ತು. ಅವನ್ನು ಜೋಡಿಸಲು ಹುಬ್ಬಳ್ಳಿಯಿಂದ ಬಂದಾತ ಮೂಲೆಯಲ್ಲೊಂದು ಪತ್ರ ಹಂಚುವ ಮೇಲ್ ಸರ್ವರ್ ಕೂರಿಸಿ, ಇದ್ದೊಂದು ಫೋನಿಗೆ ಇಂಟರ್ನೆಟ್ ಮುಟ್ಟಿಸುವ ಮೋಡೆಮ್ ಸಿಕ್ಕಿಸಿ, ದಪ್ಪನೆಯ ಇಂಗ್ಲಿಷ್ ಪುಸ್ತಕ ಕೈಗಿತ್ತು ಬಸ್ ಹತ್ತಿದ.

ಮರುದಿನದಿಂದ ಮೋಡೆಮ್ ತಾನೇ ನಂಬರ್ ತಿರುಗಿಸಿ ಕಿರುಚತೊಡಗಿತು. ಫೋನ್ ಸದಾ ಎಂಗೇಜ್. ಮ್ಯಾನೇಜರ್ ಚನಬಸಪ್ಪನವರ ಮಗಳನ್ನು ನೋಡಿಹೋಗಿದ್ದ ಮುಂಡಗೋಡದವರು ಒಪ್ಪಿಗೆ ಹೇಳಲು ನಾಲ್ಕು ದಿನ ಫೋನ್ ಮಾಡಿ ಸೋತು, ಕೊನೆಗೆ ತಾವೇ ಬಂದಿಳಿದರು.

"ನಿಮ್ಮ ಫೋನಿಗೆ ಪುರಸೊತ್ತ ಇಲ್ಲಲ್ರೀ! ನಮಗಿಂತ ಚಲೋ ಮನಿತನದವ್ರು ಪಾಳಿ ಹಚ್ಚ್ಯಾರೇನೋ ಅನ್ಕೊಂಡ್ವಿ."

ಅವರು ಹೋದ ಮೇಲೆ ಚನಬಸಪ್ಪನವರು ಅಡಿವೆಯ್ಯನತ್ತ ತಿರುಗಿದರು. "ಅಯ್ಯಾರ, ಈ ಒದರೂ ದೆವ್ವ ಬಿಡಸ್ರಿ. ಇಲ್ಲಾಂದ್ರ ಕಾಳಿ ಹೊಳಿಗೆ ಒಗೀತೇನಿ."

ಅಡಿವೆಯ್ಯನಿಗೆ ಮುಖಭಂಗವಾಯಿತು. ಅವನ ಟೈಪ್‌ರೈಟರ್ ಎಂದೂ ಹೇಳದೆ ಬಾಯಿ ತೆರೆದದ್ದಿಲ್ಲ. ಅದು ಯಾವಾಗ ಒದರುತ್ತದೆಂದು ಬರೆದುಕೊಳ್ಳಲು ಪೆನ್ಸಿಲ್ ಹಿಡಿದು ಮೋಡೆಮ್ ಎದುರೇ ಕುಳಿತ. ಮೂರನೆಯ ದಿನ ಗುಟ್ಟು ಸಿಕ್ಕಿತು. ಗುಮಾಸ್ತೆ ನೀಲಕ್ಕ ತನ್ನ ಎದುರು ಮೇಜಿನ ಸುನಂದಾಳಿಗೆ "ಚಾ ಕುಡ್ಯಾಕ ಹೋಗೂಣು" ಎಂದು ಮೇಲ್ ಹಾಕಿದಾಗಲೆಲ್ಲ ಅದು ಒದರುತ್ತಿತ್ತು.

"ಎದುರಿಗೇ ಕುಂತಾಳಲ್ಲವಾ, ಬಾಯಿಲೆ ಕರೀಬಾರದ?"

"ಸಾಹೇಬ್ರಿಗೆ ಕೇಳಸ್ತೈತ್ರಿ, ಅಯ್ಯಾರ!"

ನಿಘಂಟು ಮಗ್ಗುಲಲ್ಲಿಟ್ಟು ಪುಸ್ತಕ ಓದಿದಾಗ ಅರ್ಥವಾಯಿತು. ಯಾವ ಪತ್ರ ಬಂದರೂ, ಅದರಲ್ಲಿರುವ ಹೆಸರಿನ ಕಂಪ್ಯೂಟರು ಎಲ್ಲಿದೆ ಎಂದು ಈ ಸರ್ವರ್ ಇಂಟರ್ನೆಟ್ಟಿನ ಡಿಎನ್‌ಎಸ್ ಎಂಬ ವಿಳಾಸದ ಕಚೇರಿಯನ್ನು ಮೋಡೆಮ್ ಹಚ್ಚಿ ಕೇಳಲು ಓಡುತ್ತಿತ್ತು. ಮೂರು ಮಾರು ದೂರದ ಸುನಂದಾಳ ಮೇಜು ಅಲ್ಲಿಯವರಿಗೇನು ಗೊತ್ತು?

ಅಡಿವೆಯ್ಯ ಐದೂ ಕಂಪ್ಯೂಟರುಗಳ ಹೆಸರು, ನಂಬರುಗಳನ್ನು ಸರ್ವರಿನೊಳಗೇ ಬರೆದಿಟ್ಟ. ಆಫೀಸಿನ ಪತ್ರಕ್ಕೆ ಹೊರಗೆ ಕೇಳಬೇಡ, ಊರಾಚೆಯ ಪತ್ರಗಳನ್ನು ಕೂಡಿಟ್ಟು ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಕಳಿಸು ಎಂದು ಅದಕ್ಕೆ ಕಟ್ಟು ಹಾಕಿದ. ಆದರೆ ಗಡಿಬಿಡಿಯಲ್ಲಿ ಎರಡು ನಂಬರು ಅದಲುಬದಲಾಗಿದ್ದವು. ನೀಲಕ್ಕ ಸುನಂದಾಳಿಗೆ ಹಾಕಿದ ಮುಂದಿನ ಚಾದ ಪತ್ರ ನೆಟ್ಟಗೆ ಮ್ಯಾನೇಜರರಿಗೆ ಹೋಯಿತು.

ಚನಬಸಪ್ಪನವರು ಕೋಣೆಯಿಂದ ಹೊರಬಂದು, "ನಡೀರಿ ನೀಲಕ್ಕಾರ, ಹೋಗೂಣು. ನನ್ನನ್ನ ಯಾರೂ ಇಷ್ಟ ಪ್ರೀತಿಲೆ ಕರದಿದ್ದಿಲ್ಲ," ಎಂದರು.

ಆಫೀಸೆಲ್ಲ ಅವರ ಹಿಂದೆ ಚಾದ ಅಂಗಡಿಗೆ ಹೋಯಿತು. ಅಡಿವೆಯ್ಯನೊಬ್ಬ ಉಳಿದು, ಬೆವರು ಒರೆಸಿಕೊಳ್ಳುತ್ತ ನಂಬರು ತಿದ್ದಿದ. ಅವರು ಮರಳಿದಾಗ ಮೋಡೆಮ್ ಗಪ್ಪಾಗಿತ್ತು. ಚನಬಸಪ್ಪನವರು ಅನುಮಾನದಿಂದ ರಿಸೀವರ್ ಕಿವಿಗಿಟ್ಟು, ಗುಂಯ್ ಎನ್ನುವ ಡಯಲ್ ಟೋನ್ ಕೇಳಿ ಮುಖ ಅರಳಿಸಿ, ಅದನ್ನು ಅಡಿವೆಯ್ಯನ ಕಿವಿಗೂ ಒತ್ತಿದರು.

"ಕೇಳ್ರಿ ಅಯ್ಯಾರ, ಜೀವ ಐತಿ!"