ಎಂಟನೆಯ ಕೈ

ನಾರಾಯಣಮ್ಮನಿಗೆ ಬರೆಯಲು ಬರುತ್ತಿದ್ದುದು ಒಂದೇ ಒಂದು ಮಾತು, ಅದು ಅವಳ ಹೆಸರು. ಅದನ್ನೂ ಅವಳು ಕಲಿತದ್ದು ಮೂವತ್ತೇಳನೆಯ ವಯಸ್ಸಿಗೆ, ಬೋರೇಪಾಳ್ಯದ ಸ್ಕೂಲಿನ ಮುಂದೆ, ಒದ್ದೆ ಮರಳಿನ ಮೇಲೆ ಬೆರಳಾಡಿಸಿ. ಕಲಿಸಿದವರು ಗಂಗಾಧರಯ್ಯ ಮೇಷ್ಟ್ರು.

ಗಂಡ ಸತ್ತು ಹನ್ನೊಂದನೆಯ ದಿನಕ್ಕೇ ಅವಳ ಮೈದುನಂದಿರು ಒಂದು ಕಾಗದ ತಂದು ಹೆಬ್ಬೆಟ್ಟು ಒತ್ತು ಅಂದಿದ್ದರು. ಅರ್ಧ ಎಕರೆ ಹೂವಿನ ತೋಟ, ಒಂದು ಬಾವಿ, ನಾಲ್ಕು ಸಾಲು ಕನಕಾಂಬರ, ಉಳಿದದ್ದು ಕಾಕಡ. ಅಷ್ಟೇ ಆಸ್ತಿ. ಹೊಟ್ಟೆ ತುಂಬಿದವರಿಗೆ ಅಷ್ಟನ್ನೂ ಬಿಡಲು ಮನಸ್ಸು ಬರುವುದಿಲ್ಲ ನೋಡಿ. ಮೇಷ್ಟ್ರು ಹಾದಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದರು, ಕಾಗದ ಓದಿದರು, ನಾಲ್ಕಾಗಿ ಹರಿದು ಒಲೆಗೆ ಹಾಕಿದರು. ಆಮೇಲೆ ನಾಲ್ಕು ಸಲ ತಾಲ್ಲೂಕು ಕಚೇರಿಗೆ ಅಲೆದು ಖಾತೆಯನ್ನು ಅವಳ ಹೆಸರಿಗೆ ಮಾಡಿಸಿಕೊಟ್ಟರು. "ಹೆಬ್ಬೆಟ್ಟನ್ನ ಯಾರು ಬೇಕಾದ್ರೂ ಹಿಡಿದು ಒತ್ತಿಸ್ಕೋಬಹುದು ಕಣಮ್ಮ. ಹೆಸರು ಬರೀಬೇಕು ಅಂದ್ರೆ ನೀನೇ ಕೈ ಆಡಿಸ್ಬೇಕು" ಅಂದು ಮರಳಿನ ಮುಂದೆ ಕೂರಿಸಿದರು.

ಅಂದಿನಿಂದ ದಿನಾ ಬೆಳಕು ಹರಿಯುವ ಮುನ್ನ ನಾರಾಯಣಮ್ಮ ಕಟ್ಟುವ ಮೊದಲ ಎರಡು ಮೊಳ ಹೂವು ಮೇಷ್ಟ್ರ ಮನೆಯ ದೇವರಿಗೆ. ಸೊಸೆ ವಿಮಲಾ ಅದನ್ನು ಮೇಷ್ಟ್ರ ಹೆಂಡತಿ ಸೀತಮ್ಮನ ಕೈಗೆ ಕೊಟ್ಟು ಬಂದಮೇಲೆಯೇ ಉಳಿದ ಹೂವು ಬುಟ್ಟಿಗೆ ಬಿದ್ದು, ಬನಶಂಕರಿ ಗುಡಿ ದಾಟಿ, ಯಡಿಯೂರಿನ ಮೇಲೆ ಹಾದು ಗಾಂಧಿ ಬಜಾರಿಗೆ ಹೋಗುತ್ತಿತ್ತು. ಹೂವಿಗೆ ಮೇಷ್ಟ್ರು ಕಾಸು ಕೊಡಲು ಬಂದಾಗಲೆಲ್ಲ ಅವಳು ಜಗಳವಾಡಿ ಕಳಿಸುತ್ತಿದ್ದಳು.

ಪಂಚಾಯ್ತಿಯಲ್ಲಿ ಹೆಂಗಸರಿಗೂ ಎರಡು ಜಾಗ ಇಡಬೇಕೆಂದು ಕಾಯಿದೆ ಬಂದಾಗ ಮೇಷ್ಟ್ರು ಅವಳ ಹೆಸರನ್ನೇ ಹಾಕಿಸಿದರು. ತಾವು ಛೇರ್ಮನ್ ಆದರು. ಹನ್ನೊಂದು ಜನ ಮೆಂಬರುಗಳಲ್ಲಿ ಬಾಗಿಲ ಪಕ್ಕದ ಚಾಪೆ ನಾರಾಯಣಮ್ಮನದು. ಮೂರು ವರ್ಷ ಅವಳು ಮಾಡಿದ ರಾಜಕೀಯ ಇಷ್ಟೇ: ಮೇಷ್ಟ್ರ ಕೈ ಎದ್ದರೆ ಇವಳ ಕೈ ಏಳುತ್ತಿತ್ತು, ಮೇಷ್ಟ್ರ ಕೈ ಇಳಿದರೆ ಇವಳ ಕೈ ಇಳಿಯುತ್ತಿತ್ತು. ಅದರಲ್ಲಿ ಅವಳಿಗೆ ಯಾವ ನಾಚಿಕೆಯೂ ಇರಲಿಲ್ಲ.

ಎಡವಟ್ಟಾದದ್ದು ಅರವತ್ತಮೂರನೆಯ ಇಸವಿಯಲ್ಲಿ. ಜಯನಗರದ ಬ್ಲಾಕುಗಳು ಒಂದಾದಮೇಲೊಂದು ಎದ್ದು ದಕ್ಷಿಣಕ್ಕೆ ಬರುತ್ತಿದ್ದವು. ಒಂದು ದಿನ ಸರ್ವೆಯವರು ಬೋರೇಪಾಳ್ಯದ ಗೋಮಾಳಕ್ಕೂ ಸರಪಳಿ ಎಳೆದರು. ಹನ್ನೆರಡು ಎಕರೆ ಹುಲ್ಲು. ಊರಿನಲ್ಲಿ ಅಂಗೈಯಗಲ ಜಮೀನೂ ಇಲ್ಲದ ಹನ್ನೊಂದು ಮನೆಗಳು ಅಲ್ಲಿ ದನ ಮೇಯಿಸಿ, ಬಸವನಗುಡಿಗೆ ಹಾಲು ಹಾಕಿ ಬದುಕುತ್ತಿದ್ದವು. ಅದನ್ನು ಲೇಔಟಿಗೆ ಕೊಡಲು ಪಂಚಾಯ್ತಿಯ ಅಭ್ಯಂತರವಿಲ್ಲ ಎಂಬ ಕಾಗದ ಆಗಲೇ ಹೋಗಿತ್ತು. ಸಭೆಗೆ ತರದೆ, ಯಾರನ್ನೂ ಕೇಳದೆ, ಮೇಷ್ಟ್ರು ತಾವೇ ರುಜು ಹಾಕಿ ಕಳಿಸಿದ್ದರು.

ದಿನಸಿ ಅಂಗಡಿಯ ಸೋಮಲಿಂಗಪ್ಪ ಎದ್ದು ನಿಂತ. ಅವನೂ ಮೆಂಬರು. ಅವನಿಗೇನು ದನಗಳ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ, ಛೇರ್ಮನ್ ಕುರ್ಚಿಯ ಮೇಲೆ ಕಣ್ಣಿತ್ತು. ಆದರೆ ಕುರ್ಚಿಯ ಮೇಲೆ ಕಣ್ಣಿಟ್ಟವನು ಹೇಳಿದ್ದೆಲ್ಲ ಸುಳ್ಳಾಗಬೇಕು ಅಂತೇನಿಲ್ಲವಲ್ಲ. ಅವನು ಎರಡು ವಿಷಯಕ್ಕೆ ಓಟು ಕೇಳಿ ನೋಟೀಸು ಕೊಟ್ಟ. ಮೊದಲನೆಯದು, ಗಂಗಾಧರಯ್ಯನವರ ಮೇಲೆ ಅವಿಶ್ವಾಸ, ಅದಕ್ಕೆ ಹನ್ನೊಂದರಲ್ಲಿ ಎಂಟು ಕೈ ಬೇಕು. ಎರಡನೆಯದು, ಆ ಕಾಗದ ಹಿಂದಕ್ಕೆ ಪಡೆಯುವುದು.

"ಏಳು ಕೈ ಸಿಕ್ಕವೆ ಅಕ್ಕ. ಎಂಟನೇದು ನಿಂದೇ" ಅಂದ ಸೋಮಲಿಂಗಪ್ಪ, ಅವಳ ಜಗಲಿಯ ಮೇಲೆ ಕೂತು.

"ಕಾಗದ ವಾಪಸ್ ತಗೊಳ್ಳೋಕೆ ಬೇಕಾದ್ರೆ ಕೈ ಎತ್ತೀನಿ. ಮನುಷ್ಯನ್ನ ಯಾಕಪ್ಪಾ ಇಳಿಸ್ತೀರ?"

"ಅವ್ರು ಕೂತಿರೋಗಂಟ ಆ ಕಾಗದ ವಾಪಸ್ ಬರ್ತದಾ? ಲೇಔಟಲ್ಲಿ ಮಗಳ ಹೆಸ್ರಿಗೆ ಒಂದು ಸೈಟು ಕೇಳ್ಕಂಡವ್ರೆ. ಸುಳ್ಳಾದ್ರೆ ನನ್ನ ಚಪ್ಲೀಲಿ ನನಗೇ ಹೊಡಿ. ನೀನೇ ಹೋಗಿ ಕೇಳು."

ಅವಳು ಕೇಳಲು ಹೋದಳು. ಸುಳ್ಳೆಂದು ಹೇಳಿಸಿಕೊಂಡು ಬರಲೆಂದೇ ಹೋದಳು. ಮೇಷ್ಟ್ರು ಅಂಗಳದಲ್ಲಿ ಕೂತು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತುತ್ತಿದ್ದರು. ಒಳಗೆ ಅವರ ಮಗಳು ಜಯಾ ರಾಗಿ ಬೀಸುತ್ತಿದ್ದಳು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಕೈಕೂಸಿನೊಂದಿಗೆ ತವರಿಗೆ ಬಂದವಳು. ನಾರಾಯಣಮ್ಮ ಕೇಳಿದ್ದಕ್ಕೆ ಮೇಷ್ಟ್ರು ದಾರ ಬಿಡದೆ ಹೇಳಿದರು.

"ಹೌದು. ಕೇಳ್ಕೊಂಡೆ. ನಾನು ಕಣ್ಣು ಮುಚ್ಚಿದ್ಮೇಲೆ ಇವಳನ್ನ ಯಾರು ನೋಡ್ತಾರೆ ಅನ್ನಿಸ್ತು. ಲೇಔಟ್ ಬಂದ್ರೆ ಊರಿಗೆ ನಲ್ಲಿ ಬರತ್ತೆ, ಆಸ್ಪತ್ರೆ ಬರತ್ತೆ, ಅದಕ್ಕೇ ಕಾಗದ ಕೊಟ್ಟೆ. ಅದು ನಿಜ. ಸೈಟು ಕೇಳಿದ್ದೂ ನಿಜ. ಯಾವುದು ಮೊದಲು ಅಂತ ನನಗೇ ಗೊತ್ತಾಗ್ತಿಲ್ಲ."

"ಮೇಷ್ಟ್ರೇ..."

"ನೀನು ಕೇಳ್ದೆ, ನಾನು ಹೇಳ್ದೆ. ಕೈ ಯಾವ ಕಡೆಗೆ ಎತ್ತೀಯ ಅಂತ ನಾನು ಕೇಳೋದಿಲ್ಲ."

ಅವರು ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ದಾರಿಯುದ್ದಕ್ಕೂ ಸಿಟ್ಟು. ಸುಳ್ಳು ಹೇಳಿದ್ದರೆ ನಂಬಿಕೊಂಡು ನಿದ್ದೆ ಮಾಡಬಹುದಿತ್ತು. ಮನೆ ಬಾಗಿಲಿಗೆ ಬಂದರೆ ಎದುರು ಮನೆಯ ಗೌರಮ್ಮ ತನ್ನ ಎರಡು ಹಸು ಹೊಡೆದುಕೊಂಡು ಗೋಮಾಳಕ್ಕೆ ಹೊರಟಿದ್ದಳು. ಆ ಹನ್ನೊಂದು ಮನೆಗಳಲ್ಲಿ ಅವಳದೂ ಒಂದು. ಅವಳು ಓಟಿನ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ನಾಲ್ಕು ಮಾತು ಬೈದಾದರೂ ಕಳಿಸಬಹುದಿತ್ತು. "ಊಟ ಆಯ್ತಾ ನಾರಾಯಣಕ್ಕಾ?" ಅಂತ ಕೇಳಿ ನಡೆದುಬಿಟ್ಟಳು.

ಸಭೆಯ ದಿನ ಬಂತು. ಎಂದಿನಂತೆ ಕತ್ತಲಿರುವಾಗಲೇ ಎದ್ದು ನಾರಾಯಣಮ್ಮ ಬಾಳೆನಾರು ನೆನೆಸಿ ಹೂವು ಕಟ್ಟಿದಳು. ವಿಮಲಾ ಎಂದಿನಂತೆ ಎರಡು ಮೊಳ ಮೇಷ್ಟ್ರ ಮನೆಗೆ ಕೊಟ್ಟು ಬಂದಳು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ನಾರಾಯಣಮ್ಮನ ತಲೆಗೆ ಆ ಉಪಾಯ ಹೊಳೆಯಿತು. ಒಳಗಿದ್ದವಳು ಎದ್ದು ಹೋಗಿ ಜಗಲಿಯ ಆ ತುದಿಯಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತಳು.

"ವಿಮಲಾ, ನಾನು ದೂರ ಆಗಿದೀನಿ. ನನ್ನ ತಟ್ಟೆ ಚೊಂಬು ಇಲ್ಲಿಡು. ಸಭೆಗೆ ಬರೋಕಾಗಲ್ಲ ಅಂತ ಹೇಳಿ ಬಾ."

ನಲವತ್ತೆರಡು ವರ್ಷದ ಹೆಂಗಸು. ತಿಂಗಳ ಮೂರು ದಿನ ಹೊರಗೆ ಕೂತರೆ ಯಾರು ಏನು ಕೇಳಿಯಾರು? ಪಂಚಾಯ್ತಿ ಸೇರುತ್ತಿದ್ದುದು ಭಜನೆ ಮನೆಯಲ್ಲಿ, ರಾಮದೇವರ ಪಟದ ಮುಂದೆ. ದೂರವಾದವಳು ಆ ಹೊಸ್ತಿಲು ತುಳಿಯುವಂತಿಲ್ಲ. ಅವಳು ಹೋಗದಿದ್ದರೆ ಏಳೇ ಕೈ, ಮೇಷ್ಟ್ರು ಉಳಿದರು. ಗೌರಮ್ಮನ ಮುಖವನ್ನೂ ನೋಡಬಹುದು, ಮೇಷ್ಟ್ರ ಮುಖವನ್ನೂ ನೋಡಬಹುದು. ಕೈಯನ್ನೇ ಎತ್ತದೆ ಓಟು ಹಾಕುವ ಈ ವಿದ್ಯೆ ದೊಡ್ಡ ದೊಡ್ಡ ರಾಜಕಾರಣಿಗಳಿಗೇ ಸಲೀಸು. ಹೂವು ಮಾರುವ ನಾರಾಯಣಮ್ಮನಿಗೆ ಹೊಸದು. ಗಂಡನ ಸಾವಿನಲ್ಲಿ ಕೂಡ ಸುಳ್ಳು ಅಳು ಅಳದವಳು, ಈಗ ದೇವರಿಗೆ ಸಂಬಂಧಪಟ್ಟ ವಿಷಯದಲ್ಲೇ ಸುಳ್ಳು ಹೇಳಿ ಕೂತಿದ್ದಳು.

ವಿಮಲಾ ಓಡುತ್ತ ಬಂದಳು.

"ಅತ್ತೆ, ಸಭೇನ ಭಜನೆ ಮನೇಲಿ ಮಾಡಲ್ವಂತೆ. ಆಚೆ ಹುಣಸೆಮರದ ಕೆಳಗೆ ಮಾಡ್ತಾರಂತೆ. ನೀವು ಒಂದಿಷ್ಟು ದೂರದಲ್ಲಿ ಕೂತ್ರೆ ಸಾಕಂತೆ."

"ಹಾಗಂದಿದ್ದು ಸೋಮಲಿಂಗಪ್ಪ ತಾನೆ?"

"ಇಲ್ಲ ಅತ್ತೆ, ಮೇಷ್ಟ್ರು. ಸೋಮಲಿಂಗಪ್ಪನೋರು ಸಭೆ ಮುಂದಕ್ಕೆ ಹಾಕಿ ಅಂತ ಕೂಗಾಡ್ತಿದ್ರು. ತಾಲ್ಲೂಕಿನ ಆಫೀಸರು ಮತ್ತೆ ಬರೋಕಾಗಲ್ಲ ಅಂದ್ರು. ಆಗ ಮೇಷ್ಟ್ರು, ಆಕೆ ಮೆಂಬರು, ಆಕೆ ಓಟು ಹಾಳಾಗಬಾರದು, ನಾವೇ ಆಚೆಗೆ ಹೋಗೋಣ ಅಂತ ಕುರ್ಚಿ ಎತ್ಕೊಂಡು ಹೊರಟೇಬಿಟ್ರು."

ಹುಣಸೆಮರದ ನೆರಳಿನಲ್ಲಿ ಹತ್ತು ಜನ, ಮೇಜಿನ ಮುಂದೆ ಆಫೀಸರು. ನೆರಳಿನ ಆಚೆ, ಇಪ್ಪತ್ತು ಅಡಿ ದೂರದಲ್ಲಿ, ಗೋಣಿತಟ್ಟಿನ ಮೇಲೆ ನಾರಾಯಣಮ್ಮ. ಊರಿಗೆ ಊರೇ ಸುತ್ತ ನಿಂತಿತ್ತು. ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡಿದ್ದಳು. ಬೆಳಗಿನ ಬಾಳೆನಾರಿನ ಕರೆ ಇನ್ನೂ ಬೆರಳಿನಿಂದ ಹೋಗಿರಲಿಲ್ಲ.

ಆಫೀಸರು ಮೊದಲನೆಯ ವಿಷಯ ಓದಿ, ಒಪ್ಪುವವರು ಕೈ ಎತ್ತಿ ಎಂದರು. ಏಳು ಕೈ ಎದ್ದವು. ಎಲ್ಲರ ತಲೆಗಳೂ ಅವಳತ್ತ ತಿರುಗಿದವು, ಮೇಷ್ಟ್ರದೊಂದನ್ನು ಬಿಟ್ಟು. ಅವರು ಎಂದಿನಂತೆ ಕೈ ಎತ್ತುವುದನ್ನೋ ಇಳಿಸುವುದನ್ನೋ ಮಾಡಿದ್ದರೆ ಅವಳ ಕೈ ತಾನಾಗಿ ಹಿಂಬಾಲಿಸುತ್ತಿತ್ತೇನೋ. ಅವರು ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಅವಳಿಗೆ ಒದ್ದೆ ಮರಳು ನೆನಪಾಯಿತು. ನೀನೇ ಕೈ ಆಡಿಸ್ಬೇಕು ಎಂದಿದ್ದು ನೆನಪಾಯಿತು. ಗುಂಪಿನಲ್ಲಿ ನಿಂತಿದ್ದ ಗೌರಮ್ಮನನ್ನು ನೋಡಿದಳು. ಈ ಹೆಂಗಸಿಗೂ ಒಂದು ಕಾಗದವೇ ಅಲ್ಲವೇ ಬಂದಿರುವುದು, ಅದನ್ನು ಹರಿದು ಒಲೆಗೆ ಹಾಕುವವರು ಯಾರು ಅನ್ನಿಸಿತು.

ಬಲಗೈ ಎತ್ತಿದಳು. ಎತ್ತಿದಮೇಲೆ ಇಳಿಸಲಿಲ್ಲ.

ಎರಡನೆಯ ವಿಷಯಕ್ಕೆ ಒಂಬತ್ತು ಕೈ ಎದ್ದವು. ಮೇಷ್ಟ್ರ ಕೈ ಏಳಲಿಲ್ಲ. ಲೇಔಟಿನಿಂದ ಒಳ್ಳೆಯದಾಗುತ್ತದೆಂದು ಅವರು ನಿಜಕ್ಕೂ ನಂಬಿದ್ದರು. ಗೋಮಾಳ ಉಳಿಯಿತು, ಆರು ವರ್ಷ. ಆಮೇಲೆ ಅದೂ ಸೈಟುಗಳಾಯಿತು, ಆಗ ಛೇರ್ಮನ್ ಆಗಿದ್ದವನು ಸೋಮಲಿಂಗಪ್ಪ. ಅದಿರಲಿ.

ಸಭೆಯ ಪುಸ್ತಕಕ್ಕೆ ಎಲ್ಲರೂ ರುಜು ಹಾಕಬೇಕಿತ್ತು. ದೂರವಾದವಳು ಮುಟ್ಟಿದ ಲೇಖನಿಯನ್ನು ಆಮೇಲೆ ಮುಟ್ಟುವವರು ಯಾರು? ಅದಕ್ಕೇ ಅವಳದು ಕೊನೆಗಿರಲಿ ಅಂದರು. "ನಂದು ಅವಳಾದ್ಮೇಲೆ" ಅಂದರು ಮೇಷ್ಟ್ರು. ಸೋಮಲಿಂಗಪ್ಪ ಪುಸ್ತಕ ತಂದು ಅವಳ ಮುಂದೆ ಮಾರು ದೂರದಲ್ಲಿ ನೆಲಕ್ಕಿಟ್ಟು ಹಿಂದೆ ಸರಿದ. ಅವಳು ಎಳೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಕಲಿಸಿದವರನ್ನು ಇಳಿಸಲು ಬಂದ ಹೆಸರು. ಕಣ್ಣು ಮಂಜಾಗಿ ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು.

ಈಗ ಪುಸ್ತಕ ಎತ್ತುವವರಿಲ್ಲ. ಯಾರೋ ನೀರು ಚಿಮುಕಿಸಿ ಅಂದರು, ಮಸಿ ಹರಡುತ್ತದೆ ಅಂತ ಆಫೀಸರು ರೇಗಿದರು. ಆಗ ಮೇಷ್ಟ್ರು ಎದ್ದು ನಡೆದು ಬಂದರು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಯಿಂದಲೇ ಲೇಖನಿ ತೆಗೆದುಕೊಂಡರು.

"ಮೇಷ್ಟ್ರೇ, ನಾನು ದೂರ ಆಗಿಲ್ಲ" ಎಂದಳು ನಾರಾಯಣಮ್ಮ, ಅವರಿಗಷ್ಟೇ ಕೇಳುವಂತೆ.

"ಗೊತ್ತು ಕಣಮ್ಮ. ಹೂವು ಬಂದಿತ್ತಲ್ಲ ಮನೆಗೆ. ನೀನು ಅಂಥಾ ಕೈಯಲ್ಲಿ ದೇವರಿಗೆ ಕಟ್ಟೋಳಲ್ಲ."

"ಮತ್ತೆ ಯಾಕೆ ಕರೆಸಿದ್ರಿ? ನಾನು ಮನೇಲಿದ್ದಿದ್ರೆ ನೀವು ಉಳ್ಕೊತಿದ್ರಿ."

ಮೇಷ್ಟ್ರು ರುಜು ಹಾಕಿ ಮುಗಿಸಿದರು. "ಒಂದು ತಪ್ಪು ಆಗ್ಲೇ ಮಾಡಿದ್ದೆ. ಅದರ ಮೇಲೆ ನಿನ್ನ ಸುಳ್ಳಿನ ಮೇಲೂ ಕೂತ್ಕೊಳ್ಳೋಕೆ ಆಗ್ಲಿಲ್ಲ." ಏಳಲು ಹೋದವರು ಮೊಣಕಾಲು ಹಿಡಿದುಕೊಂಡು ನಿಂತರು. "ನೀನು ದೂರ ಅಂತ ಸುದ್ದಿ ಕೇಳಿ ಸೀತಮ್ಮ ಹೂವು ತೆಗೆದು ದೇವರನ್ನ ಮತ್ತೆ ತೊಳೀತೀನಿ ಅಂದ್ಲು. ಬೇಡ, ಹಾಗೇ ಇರ್ಲಿ ಅಂದೆ."

ಪುಸ್ತಕವನ್ನು ಆಫೀಸರ ಮುಂದಿಟ್ಟು ಅವರು ಮನೆಯ ಕಡೆ ನಡೆದರು.

ಊರೆಲ್ಲರೂ ನೋಡಿಯಾಗಿತ್ತು, ಇನ್ನು ಸುಳ್ಳನ್ನು ಮೂರು ದಿನ ನಡೆಸಲೇಬೇಕಿತ್ತು. ನಾರಾಯಣಮ್ಮ ಜಗಲಿಯ ತುದಿಗೆ ಹಿಂದಿರುಗಿದಳು. ಗೌರಮ್ಮ ಬಂದು ದೂರದಿಂದಲೇ ಒಂದು ಲೋಟ ಹಾಲು ಇಟ್ಟು ಕೈಮುಗಿದು ಹೋದಳು. ಲೋಟ ಸಂಜೆಯವರೆಗೂ ಇಟ್ಟಲ್ಲೇ ಇತ್ತು. ಮಾರನೆಯ ದಿನ ಬೆಳಿಗ್ಗೆ ತೋಟದಲ್ಲಿ ಕನಕಾಂಬರ ಗಿಡ ತುಂಬ ಬಿಟ್ಟಿತ್ತು. ವಿಮಲಾ ಬಿಡಿಸಿ, ಕಟ್ಟುವವರಿಲ್ಲದೆ ಹಾಗೇ ಬಿಡಿಹೂವನ್ನೇ ಬಜಾರಿಗೆ ಕೊಂಡುಹೋದಳು. ದೂರವಾದವಳ ಮನೆಯ ಹೂವು ಮೇಷ್ಟ್ರ ಮನೆಯ ದೇವರಿಗೆ ಸಲ್ಲುವಂತಿರಲಿಲ್ಲ. ಸೀತಮ್ಮ ಬಿದಿರು ಬುಟ್ಟಿ ಹಿಡಿದು ಬೇಲಿಯಿಂದ ಬೇಲಿಗೆ ದಾಸವಾಳ ಹುಡುಕುತ್ತ ಆ ಬೀದಿಯಲ್ಲೇ ಬಂದಳು, ನಾರಾಯಣಮ್ಮನನ್ನು ನೋಡಿ ತಲೆ ತಗ್ಗಿಸಿ ಮುಂದೆ ಹೋದಳು. ಎದ್ದು ಹೋಗಿ ಎರಡು ಮೊಳ ಕಟ್ಟಿಕೊಡೋಣವೆಂದರೆ ಬೀದಿಯ ತುಂಬ ಜನ. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.