ಹಾಲಿವುಡ್ ವರದಿಗಾರ ಫರ್ವಾನಿಯಾಕ್ಕೆ ಬಂದದ್ದು

ಶುಕ್ರವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಕುವೈತಿನ ಫರ್ವಾನಿಯಾದಲ್ಲಿದ್ದ ನಮ್ಮ ಫ್ಲಾಟಿನಲ್ಲಿ ಕಪ್ಪುಬಿಳುಪು ಸಿನಿಮಾ ಶುರುವಾಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಶುವೈಖಿನಲ್ಲಿದ್ದ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕಿದ್ದೆ. ಗಂಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದರು. ಸಿನಿಮಾದ ಕ್ಯಾಸೆಟ್ ತರುತ್ತಿದ್ದವನು ನಮ್ಮ ಪತ್ರಿಕೆಯ ವರದಿಗಾರ. ಧಾರವಾಡದ ಕಡೆಯವನು, ಇನ್ನೂ ಮದುವೆಯಾಗಿರಲಿಲ್ಲ. ವಾರವಿಡೀ ಹೋಟೆಲಿನ ಕುಬ್ಬೂಸ್ ರೊಟ್ಟಿ ತಿಂದು ಬೇಸತ್ತು ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ನಾನು ಮಾಡುತ್ತಿದ್ದ ಮೀನು ಸಾರನ್ನು ಮೊದಮೊದಲು ಅನುಮಾನದಿಂದ ನೋಡಿದವನು, ಆಮೇಲಾಮೇಲೆ ಬಟ್ಟಲೆತ್ತಿ ಕುಡಿಯುವಷ್ಟು ಪಳಗಿದ್ದ.

ಅವನಿಗೆ ಹಳೆಯ ಹಾಲಿವುಡ್ಡಿನ ಪತ್ರಕರ್ತರ ಸಿನಿಮಾಗಳ ಹುಚ್ಚು. ಎಲ್ಲೆಲ್ಲಿಂದ ಹುಡುಕಿ ತರುತ್ತಿದ್ದನೋ! ನಮಗೂ ಆ ಹುಚ್ಚು ಹತ್ತಿತು. ಆ ಸಿನಿಮಾಗಳಲ್ಲಿ ಯಾವ ವರದಿಗಾರನೂ ಕಚೇರಿಯೊಳಗೆ ಟೋಪಿ ತೆಗೆಯುವುದಿಲ್ಲ. ಕಾಲು ಮೇಜಿನ ಮೇಲೆ, ಸಿಗರೇಟು ತುಟಿಯ ಮೂಲೆಯಲ್ಲಿ, ಕೆಳಗಿನ ಡ್ರಾಯರಿನಲ್ಲಿ ವಿಸ್ಕಿ. ಸಂಪಾದಕ ಎರಡು ಫೋನುಗಳಲ್ಲಿ ಒಟ್ಟಿಗೆ ಕಿರುಚುತ್ತಾನೆ. ಕೋರ್ಟಿನ ಪಕ್ಕದ ಕೋಣೆಯಲ್ಲಿ ಐದಾರು ಜನ ಇಸ್ಪೀಟು ಆಡುತ್ತ ಒಬ್ಬನ ಗಲ್ಲು ಶಿಕ್ಷೆಗಾಗಿ ಕಾಯುತ್ತಾರೆ. ಭುಜ ಅಗಲದ ಕೋಟು ತೊಟ್ಟ ಹೆಂಗಸೊಬ್ಬಳು ಅವರೆಲ್ಲರಿಗಿಂತ ವೇಗವಾಗಿ ಮಾತಾಡಿ, ಅವರೆಲ್ಲರಿಗಿಂತ ಚೆನ್ನಾಗಿ ಬರೆದು, ಕೊನೆಗೆ ಯಾರನ್ನೋ ಮದುವೆಯಾಗಿ ಕೆಲಸ ಬಿಟ್ಟುಬಿಡುತ್ತಾಳೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು. ಇನ್ನೊಂದು ಸಿಟ್ಟು, ಪುಟ ಕಟ್ಟುವವರು ಒಂದು ಸಿನಿಮಾದಲ್ಲೂ ಇರಲಿಲ್ಲ. ವರದಿಗಾರ ಫೋನಿನಲ್ಲಿ ಒದರಿದ ಕೂಡಲೆ ಮುಖಪುಟ ತಾನಾಗಿಯೇ ಗಿರಗಿರ ತಿರುಗುತ್ತ ಬಂದು ಕಣ್ಣೆದುರು ನಿಲ್ಲುತ್ತಿತ್ತು.

ನಮ್ಮ ಕಚೇರಿಯಲ್ಲಿ ಯಾರೂ ಕಿರುಚುತ್ತಿರಲಿಲ್ಲ. ಟ್ಯೂಬ್‌ಲೈಟು, ಎ.ಸಿ.ಯ ಗುಂಯ್ ಸದ್ದು, ಲೋಟದಲ್ಲಿ ಸುಲೈಮಾನಿ ಚಹಾ. ಸುದ್ದಿ ಹೆಚ್ಚಾಗಿ ಏಜೆನ್ಸಿಗಳಿಂದ ಬರುತ್ತಿತ್ತು. ಸ್ಥಳೀಯ ಪುಟದಲ್ಲಿ ನಮ್ಮಂಥವರ ಸಾವು ಎರಡು ಸಾಲು. ‘ಅಪಘಾತದಲ್ಲಿ ಏಷ್ಯನ್ ಸಾವು.’ ಹೆಸರಿಲ್ಲ, ಊರಿಲ್ಲ.

‘ಇದೇನ್ ಪತ್ರಿಕೋದ್ಯಮ ಅಕ್ಕಾರ,’ ಎಂದು ವರದಿಗಾರ ಗೊಣಗುತ್ತಿದ್ದ. ‘ಸತ್ತಾಂವಗ ಒಂದ್ ಹೆಸರ ಬ್ಯಾಡೇನ್ರಿ?’

ಅದು ನನಗೂ ಸರಿ ಅನ್ನಿಸುತ್ತಿತ್ತು.

ಒಂದು ಸಿನಿಮಾದಲ್ಲಿ ಒಂದು ದೃಶ್ಯವಿತ್ತು. ಸತ್ತವನ ಮನೆಗೆ ವರದಿಗಾರ ಟೋಪಿ ಕೈಯಲ್ಲಿ ಹಿಡಿದು ಹೋಗುತ್ತಾನೆ. ತಾನು ಸರ್ಕಾರದ ಕಡೆಯಿಂದ ಬಂದವನು ಎನ್ನುತ್ತಾನೆ. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಒಳಗೆ ನೀರು ತರಲು ಹೋದಾಗ ಬೆಂಕಿಗೂಡಿನ ಮೇಲಿದ್ದ ಫೋಟೊವನ್ನು ಕೋಟಿನೊಳಗೆ ಸೇರಿಸಿಬಿಡುತ್ತಾನೆ. ಹೊರಗೆ ಬಂದು ಜೊತೆಗಾರನಿಗೆ ಕಣ್ಣು ಮಿಟುಕಿಸುತ್ತಾನೆ. ನಾವು ಮೂವರೂ ಜೋರಾಗಿ ನಕ್ಕಿದ್ದೆವು. ವರದಿಗಾರನಂತೂ ಆ ಭಾಗವನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದ.

ನನ್ನ ರವಿಕೆಗಳನ್ನು ಹೊಲಿಯುತ್ತಿದ್ದವಳು ಎರಡು ಗಲ್ಲಿ ಆಚೆ ಇದ್ದ ಒಬ್ಬ ಬ್ಯಾರಿ ಹೆಂಗಸು. ಅವಳ ಊರು ನನ್ನ ಊರಿನಿಂದ ಹೊಳೆ ದಾಟಿದರೆ ಆಯಿತು, ಅಷ್ಟು ಹತ್ತಿರ. ನನ್ನ ಕೊಂಕಣಿ ಅವಳಿಗೆ ಬರದು, ಅವಳ ಬ್ಯಾರಿ ನನಗೆ ಅರ್ಧಂಬರ್ಧ. ನಾವು ಕನ್ನಡ ಮತ್ತು ತುಳುವಿನಲ್ಲಿ ಸುಖವಾಗಿ ಹರಟುತ್ತಿದ್ದೆವು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದಳು. ಅವಳ ಗಂಡ ಶುವೈಖಿನ ಗ್ಯಾರೇಜುಗಳ ಸಾಲಿನಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದ. ಅಂಗಡಿಯ ವ್ಯಾನನ್ನೂ ಓಡಿಸುತ್ತಿದ್ದ. ಶಾಲೆಗೆ ಹೋಗುವ ಒಬ್ಬಳು ಮಗಳಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಆ ವ್ಯಾನಿಗೆ ಟ್ರೇಲರ್ ಬಡಿದು ಗಂಡ ತೀರಿಹೋದ. ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಅವನನ್ನು ಅಲ್ಲೇ, ಕುವೈತಿನ ಮಣ್ಣಿನಲ್ಲೇ ದಫನು ಮಾಡಿದರು.

ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವ ಮೊದಲು ಅವಳನ್ನು ನೋಡಲು ಹೋದೆ. ಗಂಡ ಸತ್ತ ಮೇಲಿನ ಇದ್ದತ್ ಕಾಲ; ಪರಗಂಡಸರ ಎದುರು ಬರುವಂತಿಲ್ಲ. ನಡುಮನೆಗೂ ಒಳಕೋಣೆಗೂ ನಡುವೆ ದಪ್ಪ ಪರದೆ ಎಳೆದಿದ್ದಳು. ಹೊಲಿಗೆ ಯಂತ್ರದ ಮೇಲೆ ಚಾದರ ಹೊದಿಸಿತ್ತು. ಗೋಡೆಯಲ್ಲಿ ಅವನ ಫೋಟೊ ಇದ್ದ ಜಾಗದಲ್ಲಿ ಮೊಳೆ ಮಾತ್ರ ಇತ್ತು. ನಾನು ಅದನ್ನೇ ನೋಡುವುದನ್ನು ಕಂಡು ಅವಳೇ ಹೇಳಿದಳು.

‘ನಿನ್ನೆ ಎಂಬೆಸಿಯಿಂದ ಒಬ್ರು ಬಂದಿದ್ರು ಬಾಯಮ್ಮ. ಕಾಗದಪತ್ರಕ್ಕೆ ಫೋಟೊ ಬೇಕಂತೆ, ಕೊಟ್ಟೆ. ನನ್ನ ತಮ್ಮ ಮನೆಯಲ್ಲಿರ್ಲಿಲ್ಲ, ಕಬರಿಗೆ ಹೋಗಿದ್ದ. ಸರ್ಕಾರದ ಕೆಲಸ ಅಲ್ವಾ, ಪರದೆಯ ಹಿಂದೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಪಾಪ, ಒಳ್ಳೆ ಜನ. ನನ್ನೊಟ್ಟಿಗೆ ಅತ್ತರು.’

‘ದಿ ಅಂಕಲ್ ವಾಸ್ ರಿಯಲಿ ಕ್ರೈಯಿಂಗ್,’ ಎಂದಳು ಮಗಳು. ಅವಳಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

‘ಎಂತ ಕೇಳಿದ್ರು?’ ಎಂದೆ.

‘ಎಷ್ಟು ಗಂಟೆಗೆ ಹೊರಟರು, ಮನಸ್ಸು ಸರಿ ಇತ್ತಾ, ಉಂಡಿದ್ರಾ, ಎಲ್ಲ.’ ಅವಳು ಹೊಲಿಗೆ ಯಂತ್ರದ ಮೇಲಿನ ಚಾದರ ಸರಿಮಾಡಿದಳು. ‘ಅವತ್ತು ಬೆಳಿಗ್ಗೆ ನಮಗೆ ಜಗಳ ಆಗಿತ್ತು. ಊರಿಗೆ ಹೋಗುವ ವಿಷಯಕ್ಕೆ. ತಿನ್ನಲಿಕ್ಕೆ ಪತ್ತಿರ್ ಮಾಡಿಟ್ಟಿದ್ದೆ, ಮುಟ್ಲಿಲ್ಲ. ಬಾಗಿಲು ಬಡಿದು ಹೋದರು. ನನ್ನ ತಮ್ಮನಿಗೂ ಹೇಳ್ಲಿಲ್ಲ ಇದನ್ನ. ಸರ್ಕಾರದವರು ಕೇಳುವಾಗ ಸುಳ್ಳು ಹೇಳ್ಬಾರ್ದಲ್ಲ.’

ಎಂಬೆಸಿಯವರು ಇಷ್ಟು ಬೇಗ ಮನೆಗೇ ಬಂದರಲ್ಲ ಎಂದು ನನಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಕೂತು ಕಚೇರಿಗೆ ಹೊರಟೆ.

ಸಂಜೆ ಸ್ಥಳೀಯ ಪುಟದ ಸಾಮಗ್ರಿ ನನ್ನ ಕಂಪ್ಯೂಟರಿಗೆ ಬಂತು. ಮೊದಲು ಫೋಟೊ ತೆರೆದೆ. ಮಲ್ಲಿಗೆ ಮೊಗ್ಗಿನಷ್ಟು ಸಣ್ಣ ನಗು, ಎಡಕ್ಕೆ ಬಾಚಿದ ಕೂದಲು, ಸ್ಟುಡಿಯೋದ ನೀಲಿ ಹಿನ್ನೆಲೆ. ಅವಳ ಗೋಡೆಯಲ್ಲಿ ನಾನು ಎಷ್ಟೋ ಸಲ ನೋಡಿದ್ದ ಅದೇ ಫೋಟೊ.

ಮೊದಲಿಗೆ ನನಗೆ ಏನೂ ಹೊಳೆಯಲಿಲ್ಲ. ಎಂಬೆಸಿಯವರೇ ಪತ್ರಿಕೆಗೆ ಕೊಟ್ಟಿರಬೇಕು ಎಂದುಕೊಂಡೆ. ಆಮೇಲೆ ಬರಹ ಓದಿದೆ. ‘ಜಗಳವಾಡಿ, ಹಸಿದ ಹೊಟ್ಟೆಯಲ್ಲಿ, ಬಾಗಿಲು ಬಡಿದು ಹೊರಟವನು ಮರಳಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಿಂದ ಅದು ಶುರುವಾಗಿತ್ತು. ಚೆನ್ನಾಗಿ ಬರೆದ ವಾಕ್ಯ. ಕೆಳಗೆ ವರದಿಗಾರನ ಹೆಸರು. ಪ್ರತಿ ವಾರ ನಮ್ಮ ಸೋಫಾದಲ್ಲಿ ಕಾಲು ಮಡಚಿ ಕೂರುವ, ತಾಯಿಗೆ ಫೋನು ಮಾಡುವಾಗ ದನಿ ಮೆತ್ತಗಾಗುವ ಆ ಹುಡುಗ ಅವಳ ಪರದೆಯ ಎದುರು ಕೂತಿದ್ದನೆ?

ಎದ್ದು ಅವನ ಮೇಜಿಗೆ ಹೋದೆ. ಅವನ ಮುಖ ಅರಳಿತ್ತು.

‘ಓದಿದ್ರೇನ್ರಿ ಅಕ್ಕಾರ? ಹ್ಯಾಂಗೈತಿ?’

‘ಎಂಬೆಸಿಯವನು ಅಂತ ಹೇಳಿ ಹೋದದ್ದು ನೀನಾ?’

ಅವನು ನಕ್ಕ. ‘ಇಲ್ಲಂದ್ರ ಒಳಗ ಬಿಡ್ತಾರೇನ್ರಿ? ಆ ಪಿಚ್ಚರ್‌ನ್ಯಾಗ ನೋಡಿಲ್ಲೇನ್ರಿ ನಾವು? ಹೆಸರು, ಫೋಟೊ, ಊರು, ಎಲ್ಲಾ ಸಿಕ್ಕಾವು. ಇಷ್ಟ್ ದಿವ್ಸದಾಗ ಮೊದಲನೇ ಸಲ ಒಬ್ಬ ಏಷ್ಯನ್ನಗ ಮುಖ ಬಂದೈತಿ.’

‘ಅವಳು ನನಗೆ ಗೊತ್ತು ಮಾರಾಯ. ನನ್ನ ರವಿಕೆ ಹೊಲಿಯುವವಳು. ಇದ್ದತ್‌ನಲ್ಲಿರುವವಳು. ಸರ್ಕಾರದವ ಅಂತ ನಂಬಿ ಹೇಳಿದ್ದು. ತಮ್ಮನ ಹತ್ರವೂ ಹೇಳದ್ದನ್ನು ಹೇಳಿದ್ದು.’

ಅವನ ನಗು ಒಮ್ಮೆಲೇ ಹೋಗಲಿಲ್ಲ. ಎಲ್ಲಿ ಇಳಿಸಬೇಕೆಂದು ತಿಳಿಯದ ಸಾಮಾನಿನಂತೆ ಅದು ಮುಖದ ಮೇಲೆ ಉಳಿಯಿತು. ‘ಆದ್ರ ಸುಳ್ಳೇನ್ ಬರದಿಲ್ರಿ ನಾನು,’ ಎಂದ.

ನಾನು ಬರಹದ ಪ್ರಿಂಟು ತೆಗೆದುಕೊಂಡು ಸಂಪಾದಕರ ಕೋಣೆಗೆ ಹೋದೆ. ಅವರು ವಯಸ್ಸಾದ ಮಲಯಾಳಿ. ಸಿಟ್ಟು ಬಂದಷ್ಟೂ ಅವರ ದನಿ ತಗ್ಗುತ್ತಿತ್ತು. ಎಲ್ಲ ಕೇಳಿ ವರದಿಗಾರನನ್ನು ಕರೆಸಿದರು.

‘ನೀನು ಯಾರೆಂದು ಅವಳಿಗೆ ಹೇಳಿದೆಯಾ?’ ಇಂಗ್ಲಿಷಿನಲ್ಲಿ, ಕೇಳಿಸದಷ್ಟು ಮೆಲ್ಲಗೆ ಕೇಳಿದರು.

‘ಇಲ್ಲ ಸರ್.’

ಪೆನ್ಸಿಲ್ ತೆಗೆದುಕೊಂಡು ಇಡೀ ಬರಹದ ಮೇಲೆ ಗೀಟು ಎಳೆದರು. ಕೆಳಗೆ ಒಂದೇ ಸಾಲು ಬರೆದು ನನಗೆ ಕೊಟ್ಟರು. ‘ಶುವೈಖ್ ಬಳಿ ಅಪಘಾತದಲ್ಲಿ ಏಷ್ಯನ್ ಸಾವು.’

‘ಹೆಸರಾದರೂ ಇರಲಿ ಸರ್,’ ಎಂದೆ.

‘ಹೆಸರನ್ನೂ ಸುಳ್ಳು ಹೇಳಿಯೇ ತಂದದ್ದಲ್ಲವೆ?’ ಎಂದರು.

ನ್ಯಾಯ ಕೇಳಲು ಹೋದವಳು ನಾನು. ನ್ಯಾಯ ಸಿಕ್ಕಿತು, ಜೊತೆಗೆ ಆ ಮನುಷ್ಯನ ಹೆಸರೂ ಹೋಯಿತು. ಆ ಒಂದು ಸಾಲನ್ನು ನಾನೇ ಪುಟಕ್ಕೆ ಹಾಕಿದೆ. ಫೋಟೊಗೆ ಬಿಟ್ಟಿದ್ದ ಜಾಗಕ್ಕೆ ಟೈರಿನ ಜಾಹೀರಾತು ಬಂತು.

ವರದಿಗಾರನಿಂದ ಫೋಟೊ ಪಡೆದು ಕಾಗದದಲ್ಲಿ ಸುತ್ತಿಕೊಂಡು ಮರುದಿನ ಅವಳ ಮನೆಗೆ ಹೋದೆ. ಎಂಬೆಸಿಯವರು ವಾಪಸು ಕೊಟ್ಟರು ಎನ್ನಬಹುದಿತ್ತು. ದಾರಿಯುದ್ದಕ್ಕೂ ಹಾಗೆಯೇ ಹೇಳುವುದೆಂದುಕೊಂಡಿದ್ದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

ಅವಳು ಫೋಟೊವನ್ನು ಸೆರಗಿನಿಂದ ಒರೆಸುತ್ತ ಕೇಳಿಸಿಕೊಂಡಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ.

‘ಹಾಗಾದ್ರೆ ಅವ ಅತ್ತದ್ದು?’ ಎಂದಳು. ‘ಅದೂ ಸುಳ್ಳಾ?’

ಅವನನ್ನೇ ಕೇಳುತ್ತೇನೆ ಎಂದೆ. ಆಮೇಲೆ ಪೇಪರಿನಲ್ಲಿ ಕೊನೆಗೆ ಏನು ಬಂತೆಂದು ಕೇಳಿದಳು. ಹೇಳಿದೆ. ಆಗ ಮಾತ್ರ ಅವಳು ಬೆಚ್ಚಿದಳು.

‘ಹೆಸರೇ ಹಾಕ್ಲಿಲ್ವಾ? ಏಷ್ಯನ್ನಾ? ಅಷ್ಟೇನಾ?’ ಅವಳ ಕಣ್ಣು ದೊಡ್ಡದಾಯಿತು. ‘ಇಷ್ಟು ವರ್ಷ ಈ ಬಿಸಿಲಲ್ಲಿ ದುಡಿದ ಮನುಷ್ಯ ಬಾಯಮ್ಮ! ಮದುವೆಯಾಗಿ ಬಂದ ದಿನದಿಂದ ನೋಡಿದವಳು ನಾನು. ಅವರಿಗೆ ಹೆಸರಿರ್ಲಿಲ್ವಾ?’

ಶುಕ್ರವಾರವಾಗಿತ್ತು. ವರದಿಗಾರ ಊಟಕ್ಕೆ ಬರಲಾರ ಎಂದುಕೊಂಡಿದ್ದೆ. ಬಂದ. ಬಾಗಿಲಲ್ಲೇ ನಿಂತ. ನನ್ನ ಗಂಡ ಮಾತಾಡಿಸದೆ ಒಳಗೆ ಹೋದರು. ಅವಳ ಪ್ರಶ್ನೆಯನ್ನು ನಾನು ಅವನಿಗೆ ಹಾಗೆಯೇ ದಾಟಿಸಿದೆ.

ಅವನು ಚಪ್ಪಲಿಗಳ ಸಾಲನ್ನೇ ನೋಡುತ್ತ ಹೇಳಿದ.

‘ಅಳು ಖರೇನ ಬಂತ್ರಿ ಅಕ್ಕಾರ. ನಮ್ಮಪ್ಪನೂ ಹಿಂಗ ರಸ್ತೆ ಮ್ಯಾಲ ಹೋದಾಂವ. ಆದ್ರ...’ ಒಂದು ಚಪ್ಪಲಿಯನ್ನು ಕಾಲಿನಿಂದ ಸರಿಮಾಡಿದ. ‘ಅಳು ಬರೂ ಮುಂದ ಮನಸಿನ್ಯಾಗ ಇನ್ನೊಂದ್ ಮಾತೂ ಬಂತ್ರಿ. ಈಗ ಈಕಿ ಎಲ್ಲಾ ಹೇಳ್ತಾಳ ಅಂತ. ಅದಕ್ಕ ಕಣ್ಣ ಒರಸಿಕೊಳ್ಳಿಲ್ಲ ನಾನು. ಹಂಗ ಬಿಟ್ಟೆ.’

ಸುಳ್ಳು ಹೇಳಿ ಮನೆಯೊಳಗೆ ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ನಡುಗಿಸಿತು. ಟೋಪಿ ಹಾಕಿದ ಆ ಅಮೆರಿಕನ್ನರ ಕಣ್ಣಲ್ಲಿ ನೀರೇ ಬರುತ್ತಿರಲಿಲ್ಲ; ಅದಕ್ಕೇ ಅವರನ್ನು ನೋಡಿ ನಗುವುದು ಸುಲಭವಾಗಿತ್ತು. ನಿಜವಾದ ಕಣ್ಣೀರನ್ನೂ ಒಬ್ಬ ಮನುಷ್ಯ ಕೆಲಸಕ್ಕೆ ಹಚ್ಚಬಲ್ಲ ಎಂದು ಯಾವ ಸಿನಿಮಾವೂ ನನಗೆ ತೋರಿಸಿರಲಿಲ್ಲ. ಅದನ್ನು ಮಾಡಿದವನು ಕ್ರೂರಿಯಲ್ಲ, ನನ್ನ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗ.

ಆ ಮಾತನ್ನೂ ಅವಳಿಗೆ ತಲುಪಿಸಿದೆ. ಅವಳು ಕೇಳಿ, ‘ಕರ್ಕೊಂಡು ಬನ್ನಿ ಅವನನ್ನ,’ ಎಂದಳು. ತಮ್ಮನಿರುವಾಗ ಕರೆದುಕೊಂಡು ಹೋದೆ. ತಮ್ಮ ಸೌಜನ್ಯಕ್ಕೂ ‘ಕೂತ್ಕೊಳ್ಳಿ’ ಎನ್ನಲಿಲ್ಲ. ಪರದೆಯ ಈಚೆ ವರದಿಗಾರ ನಿಂತೇ ಇದ್ದ. ತನ್ನ ಹೆಸರು ಹೇಳಿದ, ಪತ್ರಿಕೆಯ ಹೆಸರು ಹೇಳಿದ. ‘ತಪ್ಪಾತ್ರಿ ಅಮ್ಮಾರ,’ ಎಂದ. ಈ ಸಲ ಥಟ್ಟನೆ ಕಣ್ಣೊರೆಸಿಕೊಂಡ.

‘ಬರ್ಕೊಳ್ಳಿ,’ ಎಂದಿತು ಪರದೆಯ ಹಿಂದಿನ ದನಿ, ಗಟ್ಟಿಯಾಗಿ. ಗಂಡನ ಹೆಸರು, ಅವನ ಅಪ್ಪನ ಹೆಸರು, ಊರು, ಅಂಗಡಿ. ಮಗಳಿಗೆ ಸೈಕಲ್ ಕಲಿಸುತ್ತಿದ್ದದ್ದು. ರಮ್ಜಾನಿನಲ್ಲಿ ಕಟ್ಟಡದ ಕಾವಲುಗಾರನಿಗೆ ಗಂಜಿ ಕೊಂಡುಹೋಗುತ್ತಿದ್ದದ್ದು. ‘ಊಟದ ವಿಷಯ ಬೇಡ. ಅದು ನನಗೂ ಅವರಿಗೂ ಇದ್ದದ್ದು. ಅವರ ಹೆತ್ತ ಉಮ್ಮ ಊರಲ್ಲಿದ್ದಾರೆ, ಯಾರಾದ್ರೂ ಓದಿ ಹೇಳಿದ್ರೆ ಆ ಜೀವ ತಡೀಲಿಕ್ಕಿಲ್ಲ.’

ಕೊನೆಗೆ ಮಗಳು ಪರದೆ ಸರಿಸಿ ಬಂದು ಅದೇ ಫೋಟೊವನ್ನು ಅವನ ಕೈಗೆ ಕೊಟ್ಟಳು. ‘ಪ್ಲೀಸ್ ಬ್ರಿಂಗ್ ಇಟ್ ಬ್ಯಾಕ್,’ ಎಂದಳು.

ಸಂಪಾದಕರು ಈ ಸಲ ಒಂದಕ್ಷರ ಕಡಿಯಲಿಲ್ಲ. ಪುಟ ನಾನೇ ಕಟ್ಟಿದೆ. ಫೋಟೊ ಎರಡು ಕಾಲಮ್ಮಿನ ಅಗಲಕ್ಕೆ ಬಂತು. ಮರುದಿನವೇ ವರದಿಗಾರ ಅದನ್ನು ತಮ್ಮನ ಕೈಗೆ ತಲುಪಿಸಿ ಬಂದ. ಇದ್ದತ್ ಮುಗಿದ ಮೇಲೆ ಅವಳು ಮಗಳನ್ನು ಕರೆದುಕೊಂಡು ಊರಿಗೆ ಹೋದಳು. ಹೊಲಿಗೆ ಯಂತ್ರವನ್ನು ತಮ್ಮ ಮಾರಿದ. ವರದಿಗಾರ ಇನ್ನೂ ಕೆಲವು ವರ್ಷ ನಮ್ಮಲ್ಲೇ ಇದ್ದ. ಯಾರ ಮನೆಯ ಬಾಗಿಲು ತಟ್ಟಿದರೂ ಮೊದಲು ಗುರುತಿನ ಕಾರ್ಡು ತೋರಿಸುತ್ತಿದ್ದ, ಬಹಳಷ್ಟು ಬಾಗಿಲುಗಳು ಅವನ ಮುಖಕ್ಕೆ ಮುಚ್ಚುತ್ತಿದ್ದವು.

ಅಪಘಾತವಾದ ವರ್ಷದ ಕೊನೆಗೆ ನಮ್ಮ ಹಳೆಯ ಕಾರಿಗೆ ಕನ್ನಡಿ ಬೇಕಾಗಿ ಅವಳ ಗಂಡ ದುಡಿಯುತ್ತಿದ್ದ ಶುವೈಖಿನ ಅಂಗಡಿಗೆ ಹೋಗಿದ್ದೆವು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ನಮ್ಮ ಪತ್ರಿಕೆಯ ಆ ತುಣುಕನ್ನು ಅಂಟಿಸಿದ್ದರು. ಎಣ್ಣೆಗೈಯ ಗುರುತುಗಳು ಅದರ ಅಂಚಿನಲ್ಲಿದ್ದವು. ಪಕ್ಕದ ಗ್ಯಾರೇಜಿನ ಈಜಿಪ್ಟಿನ ಮೆಕ್ಯಾನಿಕ್ ಒಬ್ಬ ಬೋಲ್ಟು ಕೊಳ್ಳಲು ಬಂದವನು, ನಾನು ಅದನ್ನೇ ನೋಡುತ್ತಿರುವುದನ್ನು ಕಂಡ. ‘ಇಷ್ಟು ವರ್ಷ ಇಲ್ಲಿ ನಾವೆಲ್ಲ ಇವನನ್ನು ಸದೀಕ್ ಅಂತಲೇ ಕರೆಯುತ್ತಿದ್ದೆವು, ಗೆಳೆಯ ಅಂತ,’ ಎಂದು ಫೋಟೊ ತೋರಿಸಿ ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಗೋಡೆಯ ಹತ್ತಿರ ಹೋಗಿ, ಅಕ್ಷರಗಳ ಕೆಳಗೆ ಬೆರಳಿಟ್ಟು, ಆ ಹೆಸರನ್ನು ನನಗೆ ಜೋರಾಗಿ ಓದಿ ಹೇಳಿದ.