ಅರವತ್ತು ಮೀಟರ್ ಪೈಪಿನ ಆಚೆ ತುದಿ

2023ರ ಫೆಬ್ರವರಿ. ಮಧುಗಿರಿಯಲ್ಲಿ ಮರದ ಪಾಲಿಶ್ ಗುತ್ತಿಗೆದಾರನಾಗಿ ನನಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಬಾಗಿಲು, ತೊಟ್ಟಿಲು, ದೇವರ ಮಂಟಪ ಎಲ್ಲಕ್ಕೂ ಬಣ್ಣ ಕೊಟ್ಟು, ಈ ಕೆಲಸದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಬ ಬಂದಿದ್ದ ಕಾಲ. ಆಗ ಮಿಡಿಗೇಶಿಯಿಂದ ಒಂದು ಕೆಲಸ ಬಂತು. ಊರಾಚೆ ಬಂಡೆಯ ಇಳಿಜಾರಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಪ್ರವಾಸಿಗರಿಗೆಂದು ಆರು ಮರದ ಕೊಠಡಿ ಕಟ್ಟಿಸಿದ್ದರು. ಹೊರಗೋಡೆಗಳಿಗೆ ವುಡ್ ಸ್ಟೇನ್ ಹೊಡೆಯಬೇಕಿತ್ತು.

ಪೇಂಟ್ ಮರದ ಮೇಲೆ ಕೂರುತ್ತದೆ. ಸ್ಟೇನ್ ಮರದೊಳಗೆ ಇಳಿಯುತ್ತದೆ. ಅದಕ್ಕೇ ಅದರಲ್ಲಿ ತಪ್ಪು ಮುಚ್ಚುವುದಕ್ಕೆ ಆಗುವುದಿಲ್ಲ. ಒಂದು ಕಡೆ ಹೆಚ್ಚು ಬಿದ್ದರೆ ಅಲ್ಲಿ ಕಪ್ಪು ಮಚ್ಚೆ ನಿಲ್ಲುತ್ತದೆ, ಹಲಗೆಯನ್ನು ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಮೇಲೆ ಇನ್ನೂ ಕರೆಂಟ್ ಬಂದಿರಲಿಲ್ಲ. ಹೊಸದಾಗಿ ಹಾಸಿದ ಕಲ್ಲಿನ ಮೆಟ್ಟಿಲ ಮೇಲೆ ಒಂದು ಹನಿ ಬಣ್ಣವೂ ಬೀಳಕೂಡದು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು, ಆದ್ದರಿಂದ ಬಕೆಟ್ ಹೊರುವಂತಿಲ್ಲ. ಉಳಿದದ್ದು ಒಂದೇ ದಾರಿ. ಕೆಳಗೆ ಗೂಡ್ಸ್ ಆಟೋದಲ್ಲಿ ಸ್ಟೇನ್ ಡ್ರಮ್ಮು, ಬ್ಯಾಟರಿ ಪಂಪು. ಅಲ್ಲಿಂದ ಅರವತ್ತು ಮೀಟರ್ ಪೈಪು. ಹನ್ನೆರಡು ಮೀಟರ್ ಎತ್ತರದಲ್ಲಿ ಸ್ಪ್ರೇ ಗನ್ನು. ಮೋಟಾರಿನ ಕಿಡಿಗೆ ಹೆದರಿ ಥಿನ್ನರ್ ವಾಸನೆಯ ಸ್ಟೇನ್ ಬಿಟ್ಟು, ನೀರಿನಲ್ಲಿ ಕಲಸುವ ಸ್ಟೇನನ್ನೇ ಆರಿಸಿದೆ. ಅದೊಂದು ಬುದ್ಧಿ ಆವತ್ತು ನನಗಿತ್ತು.

ಪಂಪು ಕೊಳ್ಳಲು ಶಿರಾಕ್ಕೆ ಹೋದೆ. ಡಬ್ಬಿಗಳ ಮೇಲೆ ವೋಲ್ಟು, ಆಂಪು, ನಿಮಿಷಕ್ಕೆ ಇಷ್ಟು ಲೀಟರ್, ಇಷ್ಟು ಪಿಎಸ್‌ಐ ಎಂದು ಬರೆದಿತ್ತು. ಪಿಎಸ್‌ಐ ಎಂದರೆ ಒತ್ತಡದ ಅಳತೆ. ಓದುತ್ತಾ ಓದುತ್ತಾ ತಲೆ ಗಿರ್ರೆಂದಿತು. ಅಂಗಡಿಯ ಸಲೀಂ ಭಾಯ್ ನಿಮಿಷಕ್ಕೆ ಐದು ಲೀಟರಿನದೊಂದು, ಎಂಟು ಲೀಟರಿನದೊಂದು ಪಂಪು ತೆಗೆದು, ಸೇದುವ ಕೊಳವೆ ಬಕೆಟ್ ನೀರಿಗೆ ಬಿಟ್ಟು, ಇನ್ನೊಂದು ಬಾಯಿಗೆ ತುಂಡು ಪೈಪು ಸಿಕ್ಕಿಸಿ ಚಾಲೂ ಮಾಡಿದರು. ಎಂಟು ಲೀಟರಿನದು ರಸ್ತೆಯ ಆಚೆಬದಿಗೆ ಚಿಮ್ಮಿತು.

"ನೋಡಿ ಭಾಯ್, ಜಬರ್ದಸ್ತ್ ಹೊಡೀತದೆ. ಇದಕ್ಕಿಂತ ಇನ್ನೇನು ಬೇಕು?"

ನಮ್ಮದು ಬೋರ್‌ವೆಲ್ ಸೀಮೆ. ನೀರು ಎಷ್ಟು ದೂರ ಚಿಮ್ಮಿತು ಎಂದು ನೋಡಿಯೇ ನಾವು ಪಂಪಿನ ಯೋಗ್ಯತೆ ಅಳೆಯುವುದು. ಆದರೂ ಮೊದಲು ಐದು ಲೀಟರಿನದು ಸಾಕೆಂದುಕೊಂಡು ಅದನ್ನೇ ತಂದೆ. ಜೊತೆಗೆ ಸುತ್ತಿಡಲು ಹಗುರ ಎಂದು ಆರು ಮಿಲಿಮೀಟರ್ ಒಳಗಂಡಿಯ ಸಣ್ಣ ಪೈಪು.

ಗನ್ನು ಹಿಡಿಯುವವನು ದೊಡ್ಡೇರಿಯ ಕರಿಯಣ್ಣ. ಕುರಿ ಕಾಯುವ ಮನೆತನದವನು, ಐವತ್ತಾರು ವರ್ಷ, ನನ್ನ ಜೊತೆ ಹದಿನೆಂಟು ವರ್ಷದಿಂದ ಇದ್ದವನು. ಅವನು ಹೊಡೆದ ಗೋಡೆಯಲ್ಲಿ ಎಲ್ಲಿ ಶುರು ಮಾಡಿದ, ಎಲ್ಲಿ ಮುಗಿಸಿದ ಎಂದು ಗೊತ್ತಾಗುತ್ತಿರಲಿಲ್ಲ. ಅಂಥವನು ಆ ದಿನ ಹೊಡೆದ ಮೊದಲ ಗೋಡೆಯ ತುಂಬ ಚಿರತೆಯ ಮೈಯಂತೆ ಮಚ್ಚೆ.

"ಅಣ್ಣಾ, ಗನ್ನು ಕೆಮ್ತೈತೆ. ಒಂದ್ಸಲ ಉಗೀತೈತೆ, ಒಂದ್ಸಲ ಬರೋದೇ ಇಲ್ಲ," ಎಂದು ಮೇಲಿಂದ ಕೂಗಿದ.

ಪಂಪಿನ ಪಕ್ಕದ ಮೀಟರ್ ನೋಡಿದೆ. ತೊಂಬತ್ತು ಪಿಎಸ್‌ಐ. ನೂರಕ್ಕೆ ಮುಟ್ಟಿದರೆ ಪಂಪು ತಾನಾಗಿ ನಿಲ್ಲುತ್ತದೆ, ಇಳಿದರೆ ಮತ್ತೆ ಹೊರಡುತ್ತದೆ. ಅದು ಟಕ್ ಟಕ್ ಎನ್ನುತ್ತಿತ್ತು, ಆದರೆ ಮುಳ್ಳು ಮೇಲೇ ಇತ್ತು. ಬೆಳಗ್ಗೆ ಬರೀ ನೀರು ಬಿಟ್ಟು ನೋಡಿದಾಗ ಚೆನ್ನಾಗಿಯೇ ಬಂದಿತ್ತು. ಮತ್ತೆ ತಪ್ಪೆಲ್ಲಿ? ಬ್ಯಾಟರಿ ಬದಲಿಸಿದೆ, ವೈರು ಬಿಗಿ ಮಾಡಿದೆ. ಏನೂ ತಿಳಿಯಲಿಲ್ಲ.

ಮಾರನೇ ದಿನ ಶಿರಾಕ್ಕೆ ಓಡಿ ಎಂಟು ಲೀಟರಿನ ಪಂಪು ತಂದೆ. ಕೆಮ್ಮು ಇನ್ನೂ ಜೋರಾಯಿತು. ದೊಡ್ಡ ಪಂಪಿನಿಂದ ಸಣ್ಣದಕ್ಕಿಂತ ಕೆಟ್ಟ ಫಲ ಬರುವುದು ಯಾವ ಊರಿನ ನ್ಯಾಯ ಎಂದು ಕಕ್ಕಾಬಿಕ್ಕಿಯಾದೆ. ಮೇಡಂ ಬಂದು ಗೋಡೆ ನೋಡಿ, ಒಂದು ಮಚ್ಚೆಯ ಮೇಲೆ ಬೆರಳಾಡಿಸಿ ಹೋದರು. ಆ ಸಿಟ್ಟು ಕರಿಯಣ್ಣನ ಮೇಲೆ ತಿರುಗಿತು.

"ಮೀಟ್ರು ತೊಂಬತ್ತು ತೋರಿಸ್ತೈತೆ ಕಣಯ್ಯ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿನ್ ಕೈ ನಡುಗ್ತಾ ಇರ್ಬೇಕು, ನೋಡ್ಕೋ."

ಅವನು ತನ್ನ ಬಲಗೈಯನ್ನು ಒಂದು ಗಳಿಗೆ ನೋಡಿಕೊಂಡ. ಮೂರನೇ ದಿನವೂ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ಆ ಸಂಜೆ ನಾನು ಇನ್ನೊಬ್ಬ ಸ್ಪ್ರೇ ಕೆಲಸಗಾರ, ಪಾವಗಡದ ಓಬಳೇಶನಿಗೆ ಫೋನ್ ಮಾಡಿ, ಎರಡು ದಿನದಲ್ಲಿ ಬಂದು ಗನ್ನು ಹಿಡಿಯಲು ಹೇಳಿದೆ. ಕರಿಯಣ್ಣನಿಗೆ ತಿಳಿಸುವ ಧೈರ್ಯ ಮಾತ್ರ ಬರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಕರಿಯಣ್ಣ ಗನ್ನು ಮುಟ್ಟಲಿಲ್ಲ.

"ಅಣ್ಣಾ, ನೀನೇ ಒಂದ್ಸಲ ಮೇಲೋಗಿ ಹೊಡಿ. ನಾನು ಇಲ್ಲಿ ಪಂಪ್ ನೋಡ್ಕೊಂತೀನಿ."

ಹೋದೆ. ಮೂರು ದಿನದಲ್ಲಿ ನಾನು ಸ್ಪ್ರೇ ನಡೆಯುತ್ತಿರುವಾಗ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗನ್ನು ಒತ್ತಿದೆ. ಉಗುಳಿತು, ಸೊರಗಿತು, ಮತ್ತೆ ಉಗುಳಿತು. ನನ್ನ ಕೈಯಿಂದಲೂ ಅದೇ ಮಚ್ಚೆ. ಕೆಳಗಿನಿಂದ ಕರಿಯಣ್ಣ, ಕೊಂಕಿಲ್ಲದ ದನಿಯಲ್ಲಿ, "ಇಲ್ಲಿ ತೊಂಬತ್ತು ಐತಣ್ಣಾ!" ಎಂದು ಕೂಗಿ ಹೇಳಿದ. ಗನ್ನು ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ.

ಮೀಟರ್ ಸುಳ್ಳು ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದದ್ದು ಕೆಳಗಿನ ತುದಿಯ ಸುದ್ದಿ. ಸ್ಟೇನ್ ನೀರಿಗಿಂತ ಮಂದ. ಸಣ್ಣ ಪೈಪಿನ ಅಷ್ಟು ಉದ್ದದಲ್ಲಿ ಉಜ್ಜಿಕೊಂಡು ಹೋಗುವಾಗಲೇ ಒತ್ತಡ ಸವೆದುಹೋಗುತ್ತಿತ್ತು, ಎತ್ತರ ಇನ್ನೊಂದು ಹದಿನೇಳು ಪಿಎಸ್‌ಐ ತಿನ್ನುತ್ತಿತ್ತು. ಮುಂದೆ ಹೋಗಲಾರದ ಸ್ಟೇನ್ ಪಂಪಿನ ಬಾಯಲ್ಲಿ ಒತ್ತುತ್ತಿತ್ತು, ಮುಳ್ಳು ಏರುತ್ತಿತ್ತು, ಪಂಪು ನಿಲ್ಲುತ್ತಿತ್ತು. ದೊಡ್ಡ ಪಂಪು ಇನ್ನೂ ಬೇಗ ತುಂಬಿ ಇನ್ನೂ ಬೇಗ ನಿಲ್ಲುತ್ತಿತ್ತು. ಅಷ್ಟೇ.

ಹನ್ನೆರಡು ಮಿಲಿಮೀಟರ್ ಪೈಪು ತಂದೆ. ಒಳಗಂಡಿ ಎರಡರಷ್ಟಾದರೆ ಅಡ್ಡಿ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ಆಮೇಲೆ ತಿಳಿಯಿತು. ಆರೇಳು ಲೀಟರ್ ಸ್ಟೇನ್ ಪೈಪಿನಲ್ಲೇ ನಿಲ್ಲುತ್ತದೆ, ನಿಲ್ಲಲಿ. ಐದು ಲೀಟರಿನ ಹಳೇ ಪಂಪನ್ನೇ ಮತ್ತೆ ಜೋಡಿಸಿದೆ, ಸ್ಟೇನನ್ನು ಬಟ್ಟೆಯಲ್ಲಿ ಸೋಸಿದೆ. ಕರಿಯಣ್ಣ ಗನ್ನು ಒತ್ತಿದ. ಮಂಜಿನಂತೆ ಒಂದೇ ಸಮ ಬಂತು.

ಸಂಜೆ ಪೈಪು ಸುತ್ತುವಾಗ, ಓಬಳೇಶನನ್ನು ಕರೆದಿದ್ದೆ, ಈಗ ಬೇಡವೆಂದು ಹೇಳುತ್ತೇನೆ ಎಂದು ತಡವರಿಸುತ್ತಾ ಒಪ್ಪಿಕೊಂಡೆ.

"ಗೊತ್ತಿತ್ತಣ್ಣ," ಎಂದ ಕರಿಯಣ್ಣ. "ಗನ್ನು ಹಿಡಿಯೋದು ನಾನೇ ಅಲ್ವಾ ಅವ್ನಿಗೆ ಕಲ್ಸಿದ್ದು. ನನಗೇ ಫೋನ್ ಮಾಡಿ, ಬರ್ಲಾ ಅಂತ ಕೇಳ್ದ. ಬಾರಪ್ಪ ಅಂದ್ಬುಟ್ಟೆ."

"ಯಾಕೆ ಅಂಗಂದೆ?"

"ನೀನು ಅಷ್ಟೊಂದ್ ಸಲ ಹೇಳ್ದ್ಯಲ್ಲ, ನನ್ ಕೈಯೇ ಹೋಯ್ತೇನೋ ಅಂತ ನಂಗೂ ಅನ್ಸ್ಬುಡ್ತು. ಎರಡು ದಿನದಿಂದ ಮನೇಲಿ ಲೋಟ ಎತ್ತುವಾಗೆಲ್ಲ ಕೈನೇ ನೋಡ್ಕೊಂತಿದ್ದೆ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಹಾಳಾದ ಹಲಗೆಗಳನ್ನು ಉಜ್ಜಿ ಸರಿ ಮಾಡಲು ನಮಗೆ ಆರು ದಿನ ಹಿಡಿಯಿತು. ಪಂಪು ಆರಿಸುವುದನ್ನು ನಾನು ಆ ಕೆಲಸದಲ್ಲಿ ಕಲಿತೆ, ನಿಜ. ಆದರೆ ಈಗ ಯಾವುದೇ ಕೆಲಸ ಕೆಟ್ಟರೂ ಮೊದಲು ಮೆಟ್ಟಿಲು ಹತ್ತುತ್ತೇನೆ, ಗನ್ನು ಹಿಡಿದು ನೋಡುತ್ತೇನೆ, ಆಮೇಲಷ್ಟೇ ಬಾಯಿ ತೆರೆಯುತ್ತೇನೆ.